ಅತ್ತೆಯ ತೋರುಬೆರಳು

ಆಸ್ಪತ್ರೆಯ ಬಿಲ್ಲಿಂಗ್ ಕೋಣೆಯಲ್ಲಿ ಅವಳಿಗೆ ಎಡಬಲದಕ್ಕ ಎಂದೇ ಹೆಸರು. ಇಟ್ಟವರು ಡಾಕ್ಟರುಗಳು, ಮೆಚ್ಚಿ ಇಟ್ಟದ್ದೇನಲ್ಲ. ಅವರು ಬರೆದ ಕಾಯಿಲೆಗೆ ಸರಿಯಾದ ಕೋಡ್ ಹುಡುಕಿ ಬಿಲ್ಲಿಗೆ ಹಾಕುವುದು ಅವಳ ಕೆಲಸ. ಬಲಗೈಗೆ ಒಂದು ಕೋಡ್, ಎಡಗೈಗೆ ಇನ್ನೊಂದು. ಯಾವ ಕೈ ಎಂದು ಬರೆಯದಿದ್ದರೆ ವಿಮಾ ಕಂಪನಿ ಬಿಲ್ಲನ್ನು ಮುಖ ನೋಡದೆ ವಾಪಸ್ ಕಳಿಸುತ್ತದೆ. ಅದಕ್ಕೇ ಅವಳು ಫೋನೆತ್ತಿ, "ಸಾರ್, ಎಡವೋ ಬಲವೋ?" ಎಂದು ಎಲ್ಲರ ಜೀವ ತಿನ್ನುತ್ತಾಳೆ. ಈ ಚಟ ಮನೆಗೂ ಅಂಟಿಕೊಂಡಿದೆ. ಗಂಡ "ಕಾಲು ನೋಯ್ತಿದೆ ಕಣೇ" ಎಂದರೆ, ಅಯ್ಯೋ ಪಾಪ ಅನ್ನುವ ಮೊದಲು "ಯಾವ ಕಾಲು?" ಎನ್ನುತ್ತಾಳೆ.

ಇಂಥವಳನ್ನು ಅಂಕೆಯಲ್ಲಿಟ್ಟಿದ್ದದ್ದು ಅತ್ತೆಯ ಬಲಗೈ ತೋರುಬೆರಳು. ಮೊದಲು ಅದು ನೆಟ್ಟಗಾಗುತ್ತಿತ್ತು, ಆಮೇಲೆ ಬಾಯಿ ತೆರೆಯುತ್ತಿತ್ತು. ತೊಟ್ಟಿಕ್ಕುವ ನಲ್ಲಿ, ಬಾಗಿಲಿಗಡ್ಡ ಬಿದ್ದ ಚಪ್ಪಲಿ, ಆರಿಸದ ದೀಪ, ಎಲ್ಲಕ್ಕೂ ಆ ಬೆರಳು ಸೊಸೆಯ ಮೂಗಿನ ಮುಂದೆ ಹಾಜರು. ಸೊಸೆಯೂ ಸುಮ್ಮನಿರುವ ಪೈಕಿಯಲ್ಲ. ಇಬ್ಬರೂ ಚೆನ್ನಾಗಿ ಜಗಳವಾಡಿ, ಚೆನ್ನಾಗಿ ಊಟ ಮಾಡುತ್ತಿದ್ದರು.

ಬಾಲ್ಕನಿಯ ಕುಂಡದ ಗುಲಾಬಿ ಮುಳ್ಳು ಚುಚ್ಚಿದ್ದು ಅದೇ ಬೆರಳಿಗೆ. ಮಾರನೆಯ ಸಂಜೆ ಸೊಸೆ ಕೆಲಸದಿಂದ ಬಂದಾಗ ಅತ್ತೆ ಬೆರಳಿಗೆ ಒದ್ದೆ ಬಟ್ಟೆ ಸುತ್ತಿಕೊಂಡು ಕೂತಿದ್ದರು.

"ಮುಳ್ಳು ತಾನೇ. ಬೆಳಗಾದ್ರೆ ಹೋಗುತ್ತೆ," ಎಂದರು.

ಸೊಸೆ ಬಟ್ಟೆ ಬಿಚ್ಚಿದಳು. ಬೆರಳು ಬುಡದಿಂದ ತುದಿಯವರೆಗೂ ಊದಿ, ಅರ್ಧ ಮಡಚಿಕೊಂಡಿತ್ತು. ಮೆಲ್ಲಗೆ ನೆಟ್ಟಗೆ ಮಾಡಲು ಹೋದರೆ ಅತ್ತೆ ಹಲ್ಲು ಕಚ್ಚಿದರು. ಅಂಗೈ ಕಡೆಯಿಂದ ಮುಟ್ಟಿದಲ್ಲೆಲ್ಲ ನೋವು. ಇದನ್ನೇ ಅವಳು ಅದೆಷ್ಟೋ ಫೈಲುಗಳಲ್ಲಿ ಓದಿದ್ದಳು. ಬೆರಳು ಮಡಚುವ ಸ್ನಾಯುರಜ್ಜುವಿನ ಸುತ್ತಲಿನ ಪೊರೆಯಲ್ಲಿ ಕೀವು ತುಂಬಿದರೆ ಹೀಗೇ ಆಗುವುದು. ತಡಮಾಡಿದರೆ ಆ ಬೆರಳು ಮತ್ತೆ ಆಡುವುದಿಲ್ಲ.

"ಏಳಿ ಅತ್ತೆ, ಆಸ್ಪತ್ರೆಗೆ ಹೋಗೋಣ."

"ಮುಳ್ಳಿಗೆ ಆಸ್ಪತ್ರೆನಾ? ನಿಂಗೆ ಅಲ್ಲಿ ಬಿಲ್ಲುಗಳು ಸಾಲದೆ ಹೋದ್ವಾ?"

ಆ ಮನೆಗೆ ಬಂದ ಮೇಲೆ ಮೊದಲ ಸಲ ಸೊಸೆ ಅತ್ತೆಗೆ ಬೆರಳು ತೋರಿಸಿದಳು. ಅತ್ತೆ ತೆಪ್ಪಗೆ ಚಪ್ಪಲಿ ಮೆಟ್ಟಿದರು.

ಅವಳದೇ ಆಸ್ಪತ್ರೆಯ ಕೈ ಡಾಕ್ಟರಮ್ಮ ಕೂಡಲೇ ಪೊರೆ ಕೊಯ್ದು, ಕೀವು ತೊಳೆದರು. ಕೆಲವು ದಿನಗಳ ಮೇಲೆ ಫೈಲು ಬಿಲ್ಲಿಂಗ್ ಕೋಣೆಗೆ ಬಂತು. ಸ್ವಂತ ಮನೆಯವರ ಫೈಲು ಮುಟ್ಟಬಾರದೆಂಬ ನಿಯಮ, ಹಾಗಾಗಿ ಅದು ಪಕ್ಕದ ಮೇಜಿನವನ ಪಾಲಾಯಿತು. ಡಾಕ್ಟರಮ್ಮ ಅವಸರದಲ್ಲಿ ಬೆರಳಿನ ಪೊರೆಯ ಸೋಂಕು ಎಂದಷ್ಟೇ ಬರೆದುಬಿಟ್ಟಿದ್ದರು.

"ಎಡವೋ ಬಲವೋ ಅಕ್ಕಾ?" ಎಂದ ಅವನು, ನಗು ತಡೆಯಲಾಗದೆ.

ಆ ಬೆರಳನ್ನು ದಿನಬೆಳಗಾದರೆ ಕಂಡವಳು ಬಾಯಿಗೆ ಬಂದ ಉತ್ತರವನ್ನು ತಡೆದುಕೊಂಡಳು. ಡಾಕ್ಟರು ಬರೆಯದ್ದನ್ನು ಕೋಡ್ ಮಾಡುವಂತಿಲ್ಲ. "ನಾನು ರೋಗಿ ಸೊಸೆ ಕಣೋ. ಡಾಕ್ಟರಮ್ಮನ್ನೇ ಕೇಳು. ಯಾವ ರೋಗಾಣು ಅಂತಾನೂ ಕೇಳು, ಅದಕ್ಕೆ ಬೇರೆ ಕೋಡಿದೆ."

"ಈ ಎಡಬಲದ ಕಾಯಿಲೆ ನಿಮ್ಮ ಕೋಣೆಗೆಲ್ಲ ಹಬ್ಬಿದ್ಯಾ?" ಎಂದು ಗೊಣಗುತ್ತಲೇ ಡಾಕ್ಟರಮ್ಮ ಎರಡನ್ನೂ ಸೇರಿಸಿದರು. ಬಿಲ್ಲು ಒಂದೇ ಏಟಿಗೆ ಪಾಸಾಯಿತು.

ಬೆರಳು ಮಾತ್ರ ಪಾಸಾಗಲಿಲ್ಲ. ಗಾಯ ಮಾಗಿ ಹೊಲಿಗೆ ಬಿಚ್ಚಿದರೂ ಕೊಕ್ಕೆಯಂತೆ ಮಡಚಿಕೊಂಡೇ ಇತ್ತು. "ಒಳಗೆಲ್ಲ ವಾಸಿಯಾಗಿದೆ," ಎಂದರು ಡಾಕ್ಟರಮ್ಮ. "ನೋಯುತ್ತೇಂತ ಹೆದರಿ ಇವರು ಆಡಿಸ್ತಿಲ್ಲ. ಹೀಗೇ ಬಿಟ್ರೆ ಹೀಗೇ ಉಳಿದುಬಿಡುತ್ತೆ."

ಅದಕ್ಕಿಂತ ದೊಡ್ಡ ಫಜೀತಿ, ಅತ್ತೆ ಮೆತ್ತಗಾಗಿಬಿಟ್ಟಿದ್ದರು. "ನೀನಿಲ್ದಿದ್ರೆ ನನ್ನ ಬೆರಳೇ ಹೋಗ್ತಿತ್ತಮ್ಮ" ಎನ್ನುತ್ತ, ಸೊಸೆಯ ಯಾವ ತಪ್ಪನ್ನೂ ಎತ್ತಿ ಆಡುತ್ತಿರಲಿಲ್ಲ. ಮನೆ ಬಿಕೋ ಎನ್ನುತ್ತಿತ್ತು. ಬೈಸಿಕೊಳ್ಳದೆ ಸೊಸೆಗೆ ಅಳುವೇ ಬಂತು. ಬೇಕೆಂದೇ ನಲ್ಲಿ ಸರಿಯಾಗಿ ತಿರುಗಿಸದೆ ಬಂದಳು. ಚಪ್ಪಲಿಯನ್ನು ಬಾಗಿಲಿಗಡ್ಡ ಬಿಟ್ಟಳು. ಅತ್ತೆ "ಪಾಪ, ದಣಿದಿರ್ತಾಳೆ" ಎಂದು ಎಡಗೈಯಲ್ಲಿ ಎಲ್ಲವನ್ನೂ ಸರಿಮಾಡಿದರು.

ರಜೆಯ ಬೆಳಗ್ಗೆ ಸೊಸೆ ಕತ್ತರಿ ಹಿಡಿದು ಬಾಲ್ಕನಿಗೆ ಹೋದಳು. ಅತ್ತೆಗೆ ಇನ್ನೊಮ್ಮೆ ಚುಚ್ಚದಿರಲೆಂದು ಗುಲಾಬಿಯ ಮುಳ್ಳಿನ ಕೊಂಬೆಗಳನ್ನೆಲ್ಲ ಸವರಿಹಾಕಿದಳು. ಇದು ನಾಟಕವಲ್ಲ, ಪ್ರೀತಿಯಿಂದಲೇ ಮಾಡಿದ್ದು. ಕೊಂಬೆಗಳ ಜೊತೆಗೆ ಮೊಗ್ಗುಗಳೂ ನೆಲಕ್ಕೆ ಬಿದ್ದವು.

ಅತ್ತೆ ಬಂದರು. ನೆಲ ನೋಡಿದರು, ಬೋಳಾದ ಗಿಡ ನೋಡಿದರು, ಸೊಸೆಯನ್ನು ನೋಡಿದರು.

"ನಿನ್ನ ಕೈಗೆ ಕತ್ತರಿ ಕೊಟ್ಟೋರ್ಯಾರೇ? ಈ ಮೊಗ್ಗಿಗೆ ವರ್ಷವೆಲ್ಲ ಕಾದಿದ್ದೆ ನಾನು. ಅಷ್ಟೊಂದು ಓದಿದೀಯ, ಮುಳ್ಳು ಯಾವುದು ಮೊಗ್ಗು ಯಾವುದು ಗೊತ್ತಾಗಲ್ವಾ?"

ಮಾತುಗಳು ಸೊಸೆಯ ಕಿವಿಗೇ ಬೀಳಲಿಲ್ಲ. ಅವಳ ಮೂಗಿನ ಮುಂದೆ ಬಲಗೈ ತೋರುಬೆರಳು ನಿಂತಿತ್ತು. ಗಾಯದ ಗೆರೆಯಿತ್ತು, ತುಸು ನಡುಗುತ್ತಿತ್ತು, ಆದರೆ ನೆಟ್ಟಗಿತ್ತು.

ಅವಳ ಕಣ್ಣು ತುಂಬಿ ಬಂತು, ಜೊತೆಗೇ ನಗುವೂ.

"ಇನ್ನೊಂದ್ಸಲ ಬೈಯಿರಿ ಅತ್ತೆ," ಎಂದಳು.

ಆಗ ಅತ್ತೆ ತಮ್ಮ ಬೆರಳು ನೋಡಿಕೊಂಡರು. ಮಡಚಿದರು, ಬಿಚ್ಚಿದರು, ಮತ್ತೆ ಮಡಚಿ ಬಿಚ್ಚಿದರು. ಆಮೇಲೆ ಅದನ್ನೇ ಸೊಸೆಯ ಮೂಗಿನ ಮುಂದೆ ಆಡಿಸುತ್ತ, "ಅಡುಗೆಮನೆ ನಲ್ಲಿ ಇವತ್ತೂ ತೊಟ್ಟಿಕ್ತಿದೆ," ಎಂದು ಬಾಕಿ ಉಳಿದಿದ್ದ ಬೈಗುಳವನ್ನೆಲ್ಲ ಶುರುಮಾಡಿದರು.