ಅಕ್ಕ ಬರಲೊಲ್ಲೆ ಎನ್ನುವ ಊರು

ಕೇಳಿದವರಿಗೆಲ್ಲ, ಯೂರೋಪಿನಲ್ಲಿ ಯಾವ ಊರಿಗೆ ಹೋಗಲಿ ಎಂದು ಮೂರು ತಿಂಗಳಿಂದ ಹುಡುಕುತ್ತಿದ್ದೇನೆ ಎಂದು ಹೇಳುತ್ತಿದ್ದೆ. ಅದು ಅರ್ಧ ಸುಳ್ಳು. ನಾನು ಹುಡುಕುತ್ತಿದ್ದದ್ದು ನಮ್ಮಕ್ಕ ‘ನಾನು ಬರಲ್ಲ’ ಎನ್ನುವಂಥ ಊರನ್ನು.

ನಾನು ಏಳನೇ ಕ್ಲಾಸಿಗೆ ಪುಸ್ತಕ ಮುಚ್ಚಿದವಳು. ಬೂದಿಕೋಟೆಯ ಪಕ್ಕದ ಹಳ್ಳಿಯಲ್ಲಿ ಅಕ್ಕ, ನಾನು, ಆರು ಹಸು, ಇಷ್ಟೇ ನಮ್ಮ ಸಂಸಾರ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಹಾಲು ಕರೆದು ಡೈರಿಗೆ ಹಾಕಬೇಕು, ಸಂಜೆ ಮತ್ತೆ ಅದೇ. ರಾತ್ರಿ ಎಂಟೂವರೆಗೆ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ. ಇಂಥವಳಿಗೆ ನೈಟ್‌ಲೈಫ್ ನೋಡುವ ಆಸೆ. ನೀವು ನಕ್ಕು ಮುಗಿಸಿ, ನಾನು ಕಾಯುತ್ತೇನೆ.

ನಮ್ಮ ಕಡೆ ರಾತ್ರಿ ಎಚ್ಚರವಾಗಿರಲು ಒಂದು ಕಾರಣ ಬೇಕು. ಹಸು ಕರು ಹಾಕುತ್ತಿರಬೇಕು, ಮೋಟಾರಿಗೆ ಕರೆಂಟು ಆಗ ಬರಬೇಕು, ಇಲ್ಲವೇ ಯಾರಾದರೂ ಸತ್ತಿರಬೇಕು. ಕೆಜಿಎಫ್‌ನಲ್ಲಿ ಗಣಿ ನಡೆಯುತ್ತಿದ್ದ ಕಾಲಕ್ಕೆ ರಾತ್ರಿಯೆಲ್ಲ ಜನ ಓಡಾಡುತ್ತಿದ್ದರಂತೆ. ಅದೂ ಶಿಫ್ಟಿನ ಓಡಾಟವೇ. ಏನೂ ಕೆಲಸವಿಲ್ಲದೆ, ಬರೀ ಇರುವುದಕ್ಕೋಸ್ಕರ ಎದ್ದಿರುವ ಜನರನ್ನು ನಾನು ನೋಡಿದ್ದು ಫೋನಿನಲ್ಲಿ ಮಾತ್ರ. ಅದನ್ನು ಎದುರಿಗೆ ನಿಂತು ನೋಡಬೇಕು, ಅದೂ ಒಬ್ಬಳೇ ನೋಡಬೇಕು ಎಂದು ನಿಶ್ಚಯಿಸಿದೆ. ಅಕ್ಕನಿಗೆ ಹೇಳುವಾಗ ಮಾತ್ರ ‘ಒಬ್ಬಳೇ’ ಎಂಬ ಮಾತನ್ನು ಬಿಟ್ಟುಬಿಟ್ಟೆ. ಅವಳು ನನ್ನ ಜೊತೆಗೇ ಬಂದು ಪಾಸ್‌ಪೋರ್ಟು ಮಾಡಿಸಿಕೊಂಡಳು.

ಆಮೇಲೆ ನಾನು ಊರುಗಳ ಚಾಡಿ ಹೇಳಲು ಶುರುಮಾಡಿದೆ. ಬರ್ಲಿನ್‌ನಿಂದ ಆರಂಭಿಸಿದೆ.

“ಅಲ್ಲಿ ಕ್ಲಬ್ಬಿನ ಬಾಗಿಲಲ್ಲಿ ನಿಂತಿರೋನು ಮುಖ ನೋಡಿ ಒಳಗೆ ಬಿಡ್ತಾನಂತೆ ಅಕ್ಕಾ. ಇಷ್ಟ ಆಗ್ದಿದ್ರೆ ವಾಪಸ್ ಕಳಿಸ್ತಾನಂತೆ.”

“ಕಳಿಸ್ಲಿ ಬಿಡು. ಆಚೇನೇ ಕೂತ್ಕಂಡು ಓಗೋರು ಬರೋರ್ನ ನೋಡಾನ.”

ಲಿಸ್ಬನ್ ಎಂದರೆ ಬರೀ ಏರು, ನಿನ್ನ ಮಂಡಿ ತಡೆಯುವುದಿಲ್ಲ ಎಂದೆ. “ನಮ್ ಬೂದಿಕೋಟೆ ಬೆಟ್ಟಕ್ಕಿಂತ ದೊಡ್ಡದಾ?” ಎಂದು ಕೇಳಿದಳು. ಲಿಸ್ಬನ್ನನ್ನು ಅಲ್ಲಿಗೇ ಬಿಟ್ಟೆ. ಬುಡಾಪೆಸ್ಟಿನಲ್ಲಿ ಪಾಳುಬಿದ್ದ ಕಟ್ಟಡಗಳಲ್ಲೇ ಬಾರು ನಡೆಸುತ್ತಾರೆ, ರಾತ್ರಿ ಜನ ಹೋಗಿ ಕೂರುವುದು ಅಲ್ಲೇ ಎಂದು ಹೆದರಿಸಿದೆ.

“ಪಾಳುಬಿದ್ದ ಕಟ್ಟಡ ನೋಡಕ್ಕೆ ಇಮಾನ ಯಾಕೆ ಅತ್ಬೇಕು? ಬಂಗಾರಪೇಟೆಗೋಗಿ ಕೆಜಿಎಫ್ ಬಸ್ ಅತ್ತು, ಬೇಕಾದಷ್ಟಿದಾವೆ,” ಎಂದಳು. ಗೆದ್ದೆ ಎಂದುಕೊಳ್ಳುವಷ್ಟರಲ್ಲಿ, “ಆದ್ರೂ ನೀನು ಓಗೋದಾದ್ರೆ ನಾನೂ ಬತ್ತೀನಿ ಕಣೇ. ರಾಗಿ ಹಿಟ್ಟು ನಾನೇ ತಕ್ಕಂತೀನಿ,” ಎಂದಳು.

ಚಾಡಿಗೆಂದು ಹುಡುಕುತ್ತಿರುವಾಗಲೇ ಮ್ಯಾಡ್ರಿಡ್ ಸಿಕ್ಕಿತು, ಮನಸ್ಸು ಅಲ್ಲೇ ನಿಂತಿತು. ಅಲ್ಲಿ ಊಟಕ್ಕೆ ಕೂರುವುದೇ ರಾತ್ರಿ ಹತ್ತಕ್ಕೆ. ಕುಡಿಯುವವರು ಕುಡಿಯಲಿ, ನನಗೆ ಬೇಕಾದದ್ದು ಬೇರೆ. ನಡುರಾತ್ರಿಯ ಬೀದಿಯಲ್ಲಿ ಮುದುಕಿಯರು ಚೆಂದದ ಕೋಟು ಹಾಕಿಕೊಂಡು ಹರಟುತ್ತ ನಡೆಯುತ್ತಾರಂತೆ, ಪಕ್ಕದಲ್ಲೇ ಮಕ್ಕಳು ಚೆಂಡಾಡುತ್ತಿರುತ್ತವಂತೆ. ಬೆಳಗಿನ ಜಾವ ಎಲ್ಲರೂ ಎಣ್ಣೆಯಲ್ಲಿ ಕರಿದ ತಿಂಡಿಯನ್ನು ಬಿಸಿ ಚಾಕೊಲೇಟಿನಲ್ಲಿ ಅದ್ದಿಕೊಂಡು ತಿಂದು ಮನೆಗೆ ಹೋಗುತ್ತಾರಂತೆ. ಜೊತೆಗೆ ಇನ್ನೊಂದು ಲೆಕ್ಕವೂ ಹೊಂದಿತು. ನಮ್ಮ ಬೆಳಗಿನ ಜಾವದ ನಾಲ್ಕು ಗಂಟೆಗೆ ಅಲ್ಲಿ ನಡುರಾತ್ರಿಯ ಆಸುಪಾಸು. ನನ್ನ ಮೈ ಅಭ್ಯಾಸದ ಪ್ರಕಾರ ಎದ್ದರೆ ಸಾಕು, ಅವರ ರಾತ್ರಿ ಆಗಷ್ಟೇ ಶುರುವಾಗಿರುತ್ತದೆ. ಹಾಲು ಕರೆಯುವವರಷ್ಟು ನೈಟ್‌ಲೈಫಿಗೆ ತಯಾರಾದವರು ಲೋಕದಲ್ಲಿ ಇನ್ನಾರೂ ಇರಲಾರರು.

ಊರು ಗಟ್ಟಿಯಾದ ಮೇಲೆ ನನ್ನ ಕೊನೆಯ ಅಸ್ತ್ರ ತೆಗೆದೆ. ಹಸು ಕಟ್ಟಿದ ಮನೆಯಲ್ಲಿ ಇಬ್ಬರೂ ಒಟ್ಟಿಗೆ ಊರು ಬಿಡುವ ಹಾಗಿಲ್ಲ, ಒಬ್ಬರು ಉಳಿಯಲೇಬೇಕು. ನಾಚಿಕೆಯ ವಿಷಯವೆಂದರೆ, ಇಷ್ಟು ವರ್ಷ ಉಳಿದವಳು ಅಕ್ಕ. ಕಾಮಸಮುದ್ರದ ಮದುವೆಗೆ ಹೋದವಳು ನಾನು, ತಿರುಪತಿಗೆ ಹೋದವಳು ನಾನು. ಬರುವಾಗ ಅವಳಿಗೆ ಲಾಡು ತಂದುಕೊಟ್ಟು ಲೆಕ್ಕ ಚುಕ್ತಾ ಎಂದುಕೊಂಡವಳೂ ನಾನೇ. ಅದೆಲ್ಲ ಗೊತ್ತಿದ್ದೂ, “ಕೆಂದ ಹಸು ಬೇರೆಯವರ ಕೈಗೆ ಹಾಲು ಬಿಡಲ್ಲ ಅಕ್ಕಾ,” ಎಂದೆ. ಮಾರನೆಯ ದಿನದಿಂದಲೇ ಅಕ್ಕ ಪಕ್ಕದ ಮನೆಯ ರತ್ನಮ್ಮನನ್ನು ಕರೆದು ಕೆಂದ ಹಸುವಿನ ಹತ್ತಿರ ಕೂರಿಸತೊಡಗಿದಳು. ಒಂದೇ ವಾರ, ಆ ದ್ರೋಹಿ ಹಸು ರತ್ನಮ್ಮನ ಕೈಗೆ ಸೊರಸೊರ ಹಾಲು ಬಿಟ್ಟಿತು. ಅಕ್ಕ ಬಕೆಟ್ಟು ತಂದು ನನಗೆ ತೋರಿಸಿದಾಗ ಅವಳ ಮುಖದಲ್ಲಿದ್ದ ಖುಷಿ ನೋಡಿ ನನ್ನ ಬಗ್ಗೆ ನನಗೇ ಅಸಹ್ಯವಾಯಿತು.

ಅವತ್ತು ಸಂಜೆ ಕೊಟ್ಟಿಗೆಯಲ್ಲಿ ಹೇಳಿಬಿಟ್ಟೆ.

“ಅಕ್ಕಾ, ನಾನು ಒಬ್ಳೇ ಓಗ್ಬೇಕು.”

ಹಾಲು ಕರೆಯುತ್ತಿದ್ದ ಅವಳ ಕೈ ನಿಲ್ಲಲಿಲ್ಲ. “ಯಾಕೆ? ನಾನೇನ್ ಕಚ್ತೀನಾ?”

“ನೀನು ಪಕ್ಕದಲ್ಲಿದ್ರೆ ಎಂಟು ಗಂಟೆಗೇ ನಂಗೆ ಮನೆ ಸೇರ್ಕಬೇಕು ಅನ್ಸುತ್ತೆ. ನೀನೇನೂ ಅನ್ನಲ್ಲ, ಆದ್ರೂ ಅನ್ಸುತ್ತೆ. ನಲವತ್ತೈದಾದ್ರೂ ನಿನ್ ಮುಂದೆ ನಾನು ಲಂಗ ಆಕಿರೋ ಉಡುಗೀನೇ.”

“ಥೂ ನಿನ್ನ! ಇದೊಂದು ಮಾತೇಳಕ್ಕೆ ಮೂರು ತಿಂಗ್ಳು ಊರೂರು ಸುತ್ತಿದ್ಯಾ?” ಎಂದಳು. ಬಕೆಟ್ಟು ಪಕ್ಕಕ್ಕಿಟ್ಟಳು. ಆಮೇಲೆ ಕೇಳಿದಳು: “ಅಷ್ಟೊತ್ತು ಎದ್ದಿರೋ ಜನ ಬೆಳಗ್ಗೆ ಎಷ್ಟೊತ್ಗೆ ಏಳ್ತಾರೆ?”

“ಹತ್ತೋ ಹನ್ನೊಂದೋ.”

“ಅದಕ್ಕೇ ಕಣೇ ನಾನು ಬತ್ತೀನಿ ಅಂದಿದ್ದು. ನಿನ್ ರಾತ್ರಿ ಯಾರ್ಗ್ ಬೇಕು? ಇಲ್ಲಿ ಎಲ್ಲಿ ಮಲಗಿದ್ರೂ ನಾಲ್ಕಕ್ಕೆ ಅಸ ಕೂಗ್ತದೆ. ಒಂದ್ ಊರಾದ್ರೂ ನನ್ನ ಎಬ್ಬಿಸ್ದೆ ಬಿಡ್ಲಿ ಅಂತ.”

ಬರೀ ನಿದ್ದೆ ಮಾಡಬೇಕೆಂದಿದ್ದ ಹೆಂಗಸಿಗೆ ನಾನು ಒಂದು ಖಂಡವನ್ನೇ ಅಡ್ಡ ಇಟ್ಟಿದ್ದೆ. ನೀನೂ ಬಾ ಎಂದು ಅಲ್ಲೇ ಅಂದುಬಿಡುತ್ತಿದ್ದೆನೇನೋ. ಅವಳೇ ಕೈಯೆತ್ತಿ ತಡೆದಳು. “ಬೇಡ. ನೀನು ಅರ್ಧ ರಾತ್ರೀಲಿ ಬಾಗಿಲು ತಟ್ಟಿ ನನ್ ನಿದ್ದೆ ಕೆಡಿಸ್ತೀಯ. ನೀನು ಓಗಿ ಬಾ. ಆಮೇಲೆ ನಾನೊಬ್ಳೇ ಓಗ್ತೀನಿ, ನೀನು ಆಲ್ ಕರಿ.”

ಹಾಗೆಯೇ ಆಗುವುದೆಂದು ತೀರ್ಮಾನವಾಗಿದೆ. ಟಿಕೆಟ್ಟು ಒಂದೇ, ಮ್ಯಾಡ್ರಿಡ್‌ಗೆ. ತಪ್ಪು ಮಾಡಿದೆನೆಂಬ ಭಾವ ಪೂರ್ತಿ ಹೋಗಿಲ್ಲ. ಅದನ್ನು ಹೊತ್ತುಕೊಂಡೇ ಹೋಗುತ್ತೇನೆ, ವಿಮಾನದವರು ಅದನ್ನು ತೂಕಕ್ಕೆ ಹಾಕುವುದಿಲ್ಲ. ಅಲ್ಲಿ ಎಲ್ಲರಿಗಿಂತ ತಡವಾಗಿ ರೂಮಿಗೆ ಬರುವುದೂ ಖಂಡಿತ. ಆದರೆ ಮೊದಲನೇ ದಿನ ಹಗಲು ಬೆಳಕಿನಲ್ಲೇ ಮಾಡಿ ಮುಗಿಸಬೇಕಾದ ಕೆಲಸವೊಂದನ್ನು ಅಕ್ಕ ಹೇಳಿಕೊಟ್ಟಿದ್ದಾಳೆ: “ಕಿಟಕಿ ಪರದೆ ದಪ್ಪಗಿದೆಯಾ, ಮುಚ್ಚಿ ನೋಡ್ಕಂಡ್ ಬಾ.”