ತಪ್ಪು ಅಧ್ಯಾಯಕ್ಕೆ ಬಿದ್ದ ಹೂಂ

ಆ ಡಿಪ್ಲೊಮಾ ಕಾಲೇಜಿನಲ್ಲಿ ಅವರ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಬಿಟ್ಟರೆ ಇನ್ಯಾರಿಗೂ ನೆನಪಿರಲಿಲ್ಲ. ಎಲ್ಲರ ಬಾಯಲ್ಲೂ ಅವರು ಪದರ ಮೇಷ್ಟ್ರು. ಕಂಪ್ಯೂಟರುಗಳು ಒಂದರೊಡನೊಂದು ಹೇಗೆ ಮಾತಾಡುತ್ತವೆ ಎಂಬುದು ಅವರ ಪಾಠ. ಆ ಮಾತುಕತೆಗೆ ಪದರ ಪದರವಾಗಿ ನಿಯಮಗಳಿರುತ್ತವೆ ಎಂಬುದು ಅವರ ಪ್ರಾಣ.

ಹೆಸರು ಸುಮ್ಮನೆ ಅಂಟಿಕೊಂಡದ್ದಲ್ಲ. ಪದರಗಳ ಪಾಠ ಶುರುವಾಗುವ ದಿನ, ಹೊರಗೆ ಎಂಥ ಬಿಸಿಲಿರಲಿ, ಅವರು ಅಂಗಿಯ ಮೇಲೆ ಸ್ವೆಟರು, ಸ್ವೆಟರಿನ ಮೇಲೆ ಕೋಟು, ಕೋಟಿನ ಮೇಲೆ ರೇನ್‌ಕೋಟು ತೊಟ್ಟು, ಬೆವರು ಸುರಿಸುತ್ತ ತರಗತಿಗೆ ಬರುತ್ತಿದ್ದರು. "ಕಳಿಸೋನು ಮಾತಿಗೆ ಒಂದೊಂದೇ ಪದರ ತೊಡಿಸ್ತಾನೆ. ಒಂದರಲ್ಲಿ ಯಾರಿಗೆ ಅಂತ ಇರುತ್ತೆ, ಒಂದರಲ್ಲಿ ಎಷ್ಟನೇ ತುಂಡು ಅಂತ, ಇನ್ನೊಂದರಲ್ಲಿ ಪಕ್ಕದ ಯಂತ್ರ ಯಾವುದು ಅಂತ. ತಗೊಳ್ಳೋನು ಕೊನೇಲಿ ತೊಡಿಸಿದ್ದನ್ನ ಮೊದಲು ಬಿಚ್ತಾನೆ. ಈ ಕಡೆಯ ಕೋಟು ಹೇಳಿದ್ದು ಆ ಕಡೆಯ ಕೋಟಿಗೆ ಮಾತ್ರ ಅರ್ಥ. ಸ್ವೆಟರಿನ ಸಂಸಾರ ಕೋಟಿಗ್ಯಾಕೆ?" ಎನ್ನುತ್ತ ರೇನ್‌ಕೋಟು ಬಿಚ್ಚುವರು, ಕೋಟು ಬಿಚ್ಚುವರು, ಸ್ವೆಟರು ಬಿಚ್ಚುವರು. ಅಂಗಿಯ ಗುಂಡಿಗೆ ಕೈ ಹೋಗುತ್ತಿದ್ದಂತೆ ಮುಂದಿನ ಬೆಂಚಿನ ಹುಡುಗಿಯರು ಕಣ್ಣು ಮುಚ್ಚಿಕೊಳ್ಳುವರು. ಮೇಷ್ಟ್ರು ಅಲ್ಲಿಗೆ ನಿಲ್ಲಿಸಿ, "ಪುಸ್ತಕದಲ್ಲಿ ಏಳು ಪದರ ಇದೆ. ನಿಜವಾದ ಕೆಲಸ ನಾಲ್ಕರಲ್ಲೇ ಮುಗಿಯುತ್ತೆ. ಉಳಿದದ್ದು ಮರ್ಯಾದೆಗೆ," ಎನ್ನುವರು. ಒಮ್ಮೆ ಇದೇ ಹೊತ್ತಿಗೆ ಪ್ರಿನ್ಸಿಪಾಲರು ಕಿಟಕಿಯಲ್ಲಿ ಇಣುಕಿ, ಏನೂ ಕೇಳದೆ ಹೊರಟುಹೋಗಿದ್ದರಂತೆ.

ಅವರ ಇನ್ನೊಂದು ಹಟ 'ಹೂಂ' ಎಂಬ ಮಾತಿನ ಮೇಲೆ. ಪಾಠದ ನಡುವೆ ತರಗತಿ ಹೂಂಗುಟ್ಟಿದರೆ ಬೇರೆ ಮೇಷ್ಟ್ರುಗಳು ಉಬ್ಬಿಹೋಗುತ್ತಾರೆ. ಇವರು ನಂಬುತ್ತಿರಲಿಲ್ಲ. "ಹೂಂ ಅಂದ್ರೆ ತಲುಪಿತು ಅಂತ ಅಷ್ಟೇ. ತಲೆಗೆ ಹೋಯ್ತು ಅಂತಲ್ಲ, ಒಪ್ಪಿದೆ ಅಂತಂತೂ ಅಲ್ಲವೇ ಅಲ್ಲ. ಹೂಂ ಬರದಿದ್ರೆ ಮತ್ತೆ ಕಳಿಸಿ. ಬಂತೋ, ಬಾಯಿ ಮುಚ್ಕೊಂಡು ಕಾಯಿರಿ." ಈ ನಿಯಮವನ್ನು ಅವರು ಕಂಪ್ಯೂಟರುಗಳಿಗಷ್ಟೇ ಬಿಟ್ಟಿದ್ದರೆ ಈ ಕಥೆಯೇ ಹುಟ್ಟುತ್ತಿರಲಿಲ್ಲ.

ಕಾಲೇಜಿನ ಮೆಟ್ಟಿಲ ಕೆಳಗಿನ ಕಿರುಕೋಣೆಯಲ್ಲಿ ಹಳೆಯ ಟೆಲಿಫೋನ್ ಬೋರ್ಡಿತ್ತು. ಹೊರಗಿನಿಂದ ಬಂದ ಕರೆಯನ್ನು ಒಳಗಿನ ಕೋಣೆಗಳಿಗೆ ಜೋಡಿಸುವ ಕೆಲಸ ಬೋರ್ಡಿನ ಮೇಡಂ ಅವರದು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಈ ಕೆಲಸ ಹಿಡಿದು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡೇ ಕೂದಲು ಬೆಳ್ಳಗೆ ಮಾಡಿಕೊಂಡವರು. ದನಿ ಕೇಳಿದರೆ ಸಾಕು, ಯಾರಿಗೆ ನೆಗಡಿ, ಯಾರಿಗೆ ಹೆಂಡತಿಯ ಮೇಲೆ ಮುನಿಸು ಎಂದು ಅವರಿಗೆ ತಿಳಿದುಬಿಡುತ್ತಿತ್ತು. ಯಾರ ಗುಟ್ಟನ್ನೂ ಬಿಟ್ಟುಕೊಡುತ್ತಿರಲಿಲ್ಲ ಎಂಬುದು ಬೇರೆ ಮಾತು.

ಮೇಷ್ಟ್ರು ಅಲ್ಲಿಗೆ ಹೋಗುತ್ತಿದ್ದುದು ಜಗಳಕ್ಕೆ.

"ನಿಮ್ಮ ಬೋರ್ಡಲ್ಲಿ ಇಬ್ರು ಮಾತಾಡ್ತಿದ್ರೆ ಒಂದು ಇಡೀ ತಂತಿ ಅವರಿಗೇ ಕಟ್ಟಿಹಾಕಿರ್ತೀರಿ. ಅವರು ಸುಮ್ಮನಿದ್ರೂ ಬೇರೆಯವರಿಗಿಲ್ಲ. ದಂಡ ಅಲ್ವಾ? ನಮ್ಮಲ್ಲಿ ಮಾತನ್ನ ತುಂಡು ಮಾಡ್ತೀವಿ. ಒಂದೊಂದು ತುಂಡೂ ದಾರಿ ಸಿಕ್ಕಿದ ಕಡೆ ಹೋಗುತ್ತೆ. ಆ ಕಡೆಯವರು ಜೋಡಿಸ್ಕೋತಾರೆ."

"ಕತ್ತರಿಸಿ ಕಳಿಸೋಕೆ ಮಾತೇನು ಸೊಪ್ಪೇ ಮೇಷ್ಟ್ರೇ?" ಎನ್ನುವರು ಮೇಡಂ. "ಒಂದು ತುಂಡು ದಾರೀಲಿ ಕಳೆದುಹೋದ್ರೆ?"

"ಮತ್ತೆ ಕಳಿಸ್ತೀವಿ."

"ಅಷ್ಟರೊಳಗೆ ಅನಾಹುತ ಆಗಿರುತ್ತಲ್ಲ. 'ಬರಬೇಡ' ಅನ್ನೋದರಲ್ಲಿ 'ಬೇಡ' ಕಳೆದು ಬರೀ 'ಬರ' ತಲುಪಿದ್ರೆ, ಆ ಕಡೆಯವರು ಬರಗಾಲ ಬಂತು ಅಂತ ಅಕ್ಕಿ ಕೂಡಿಡ್ತಾರೆ!"

ಮೇಷ್ಟ್ರು ನಕ್ಕು ನಕ್ಕು ಕೆಮ್ಮು ಬರಿಸಿಕೊಳ್ಳುವರು. ಹೀಗೆ ಸೋಲುವ ಆಸೆಗೇ ದಿನ ಬಿಟ್ಟು ದಿನ ಗೆಲ್ಲಲು ಹೋಗುತ್ತಿದ್ದರು.

ಹೀಗಿರುವಾಗ ಕಾಲೇಜಿನವರು ಬೋರ್ಡು ಕಿತ್ತು ಇಂಟರ್ನೆಟ್ ಮೇಲೆ ಓಡುವ ಫೋನುಗಳನ್ನು ಹಾಕಿಸಲು ಹೊರಟರು. ಉಸ್ತುವಾರಿ ಇನ್ಯಾರಿಗೆ, ಪದರ ಮೇಷ್ಟ್ರಿಗೇ. ಮೇಡಂ ಮುಂದೆ ಕಚೇರಿಯವರು ಎರಡು ದಾರಿ ಇಟ್ಟರು: ಇಲ್ಲೇ ವಿಚಾರಣೆಯ ಕೌಂಟರಿನಲ್ಲಿ ಕೂರಬೇಕು, ಇಲ್ಲವೇ ತಂಗಿ ಇರುವ ದೂರದ ಊರಿನ ಕಾಲೇಜಿಗೆ ವರ್ಗ ಮಾಡಿಸಿಕೊಳ್ಳಬೇಕು. ತಂಗಿಯಂತೂ ಬಾ ಬಾ ಎಂದು ಗಂಟುಬಿದ್ದಿದ್ದಳು. ಮೇಷ್ಟ್ರೋ, ಮದುವೆಯ ವಯಸ್ಸನ್ನೆಲ್ಲ ಕೇಬಲ್ ಎಳೆಯುವುದರಲ್ಲೇ ಕಳೆದ ಮನುಷ್ಯ. ಆ ಹೆಂಗಸಿನ ಮೇಲೆ ತನಗೆ ಪ್ರೀತಿ ಎಂಬುದು ಅವರಿಗೇ ಗೊತ್ತಾದದ್ದು ಈ ಸುದ್ದಿ ಕೇಳಿದ ದಿನ.

ಮರುದಿನ ಹೇಳಿಯೇಬಿಡಬೇಕೆಂದು ಹೋದರು. ಹೋದವರು ಮಾಡಿದ್ದೇನು? ಮಾತಿಗೆ ಪದರ ತೊಡಿಸುತ್ತ ಕೂತರು. ಮೊದಲು ಸೆಕೆಯ ಮಾತು. ಅದರೊಳಗೆ ಬಾಡಿಗೆ ಮನೆಗಳ ಮಾತು. ಅದರೊಳಗೆ, ಒಬ್ಬರಿಗೇ ಅಡುಗೆ ಮಾಡಿಕೊಂಡರೆ ಉಪ್ಪಿನ ಅಂದಾಜು ಸಿಗುವುದಿಲ್ಲ ಎಂಬ ಮಾತು. ಎಲ್ಲಕ್ಕಿಂತ ಒಳಗೆ ಇದ್ದದ್ದು ಇಷ್ಟು: "ಅಂದ್ರೆ, ನಮ್ಮಿಬ್ಬರ ವಿಳಾಸ ಒಂದೇ ಆದ್ರೆ ಹೇಗೆ ಅಂತ." ಒಂದೇ ವಿಳಾಸ ಇಬ್ಬರಿಗೆ ಬಂದರೆ ಜಾಲದಲ್ಲಿ ಗೊಂದಲವೋ ಗೊಂದಲ ಎಂದು ವರ್ಷಾನುಗಟ್ಟಲೆ ಪಾಠ ಮಾಡಿದ ಬಾಯಿ ಅದು.

ಮೇಡಂ ಹೆಡ್‌ಫೋನನ್ನು ಕಿವಿಯಿಂದ ತುಸು ಸರಿಸಿದರು. ಮೇಷ್ಟ್ರ ಮುಖವನ್ನೇ ನೋಡಿದರು.

"ಹೂಂ," ಎಂದರು.

ಅಷ್ಟರಲ್ಲಿ ಬೋರ್ಡಿನಲ್ಲಿ ದೀಪ ಹತ್ತಿತು. ಅವರು ಕರೆ ಜೋಡಿಸಲು ತಿರುಗಿದರು, ಮೇಷ್ಟ್ರು ಹೊರಗೆ ಬಂದರು.

ಬೇರೆ ಯಾರಾದರೂ ಆಗಿದ್ದರೆ ಮೆಟ್ಟಿಲ ಮೇಲೇ ಕುಣಿಯುತ್ತಿದ್ದರು. ಇವರು ನಿಯಮ ತೆಗೆದರು. ಹೂಂ ಬಂದಿದೆ, ಅಂದರೆ ಮಾತು ತಲುಪಿದೆ. ಒಪ್ಪಿಗೆಯೋ ಅಲ್ಲವೋ ಎಂಬ ಉತ್ತರ ಇನ್ನು ಮೇಲೆ ಬರಬೇಕು. ತಲುಪಿದ್ದನ್ನು ಮತ್ತೆ ಕಳಿಸುವುದು ತಪ್ಪು. ಸರಿ, ಬಾಯಿ ಮುಚ್ಚಿ ಕಾದರು. ವಾರ ಕಳೆಯಿತು, ತಿಂಗಳಾಗುತ್ತ ಬಂತು. ಅವಸರ ಮಾಡಿದಂತಾಗಬಾರದು ಎಂದು ಜಗಳಕ್ಕೆ ಆ ಕೋಣೆಯೊಳಗೆ ಹೋಗುವುದನ್ನೂ ಬಿಟ್ಟರು. ಅತ್ತ ಮೇಡಂ ದನಿ ತಣ್ಣಗಾಗುತ್ತ ಹೋಯಿತು. ಮೊದಲೆಲ್ಲ "ಮೇಷ್ಟ್ರೇ, ಕೇಬಲ್ ಅಂಗಡಿಯವರು. ಸಿಟ್ಟಲ್ಲಿದ್ದಾರೆ, ಹುಷಾರು," ಎಂದು ಎಚ್ಚರಿಸಿ ಕರೆ ಕೊಡುತ್ತಿದ್ದವರು ಈಗ "ಕರೆ" ಎಂದಷ್ಟೇ ಹೇಳಿ ಜೋಡಿಸುವರು. ಇದೇ ಉತ್ತರವಿರಬೇಕು ಎಂದು ಮೇಷ್ಟ್ರು ಒಳಗೊಳಗೇ ಕುಸಿದರು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಕಲಗಚ್ಚಿನ ಬಾನಿಗೆ ಬಿತ್ತು ಅಂತಾರಲ್ಲ, ಹಾಗಾಯಿತು ಅವರ ಪಾಡು.

ಪಕ್ಕದ ಬೀದಿಯಲ್ಲಿದ್ದ ಅಕ್ಕ ಒಂದು ರಜೆಯ ದಿನ ಬಂದವರು ತಣ್ಣಗಿದ್ದ ಒಲೆಯನ್ನೂ ತಮ್ಮನ ಮುಖವನ್ನೂ ನೋಡಿದರು.

"ಏನೋ ಇದು, ಹರಳೆಣ್ಣೆ ಕುಡಿದವನ ಹಾಗೆ ಕೂತಿದ್ದೀಯ?"

ಮೇಷ್ಟ್ರು ಬಾಯಿ ಬಿಟ್ಟರು. ಅಕ್ಕ ಕೇಳಿ ಕೇಳಿ ಹಣೆ ಚಚ್ಚಿಕೊಂಡರು.

"ಅವಳು ಹೂಂ ಅಂದ್ಲು ತಾನೇ?"

"ಅಂದ್ರು. ಆದ್ರೆ ಅಕ್ಕ, ಹೂಂ ಅಂದ್ರೆ ತಲುಪಿತು ಅಂತ ಮಾತ್ರ..."

"ನಿನ್ನ ತಲೆ! ಬೇಡ ಅಂದಿದ್ರೆ ಊಹೂಂ ಅನ್ನೋಕೆ ಅವಳಿಗೇನು ಒಂದಕ್ಷರಕ್ಕೆ ಬಡತನವೇ? ತಾಳಿದವನು ಬಾಳಿಯಾನು, ನಿಜ. ಬರೀ ತಾಳ್ತಾನೇ ಕೂತ್ರೆ ಬಾಳೋದು ಯಾವಾಗಲೋ?"

ಮೇಷ್ಟ್ರು ಹೂಂ ಎಂದರು. ಮಾತು ಕಿವಿಗೆ ತಲುಪಿತ್ತು, ತಲೆಗೆ ಹೋಗಿರಲಿಲ್ಲ.

ತಲೆಗೆ ಹೋದದ್ದು ತರಗತಿಯಲ್ಲಿ. ಅವತ್ತು ಬೋರ್ಡು ಕೀಳುವವರು ಬಂದಿದ್ದರು. ವರ್ಗದ ವಿಷಯ ಮೇಡಂ ಕಚೇರಿಗೆ ತಿಳಿಸಬೇಕಾದ ಕೊನೆಯ ದಿನವೂ ಅದೇ. ಆ ಸದ್ದು ಕಿವಿಗೆ ಬೀಳದಿರಲಿ ಎಂದು ಮೇಷ್ಟ್ರು ಗಂಟಲು ಏರಿಸಿ ಪಾಠ ಮಾಡುತ್ತಿದ್ದರು. ಎರಡು ಯಂತ್ರಗಳು ಮಾತಿಗೆ ಕೂರುವ ಮುಂಚೆ ಮಾಡಿಕೊಳ್ಳುವ ಮೂರು ಹೆಜ್ಜೆಯ ಹ್ಯಾಂಡ್‌ಶೇಕ್ ಆವತ್ತಿನ ಪಾಠ.

"ಒಬ್ಬ 'ಮಾತಾಡೋಣ್ವಾ' ಅಂತಾನೆ. ಇನ್ನೊಬ್ಬ 'ಹೂಂ, ಆಡೋಣ' ಅಂತಾನೆ. ಆಗ ಮೊದಲನೆಯವನು ತಿರುಗಿ 'ಹೂಂ' ಅನ್ಬೇಕು. ಆಮೇಲೇ ಸಂಪರ್ಕ."

ಹಿಂದಿನ ಬೆಂಚಿನ ಹುಡುಗಿ ಕೈ ಎತ್ತಿದಳು. "ಸರ್, ಆ ಮೂರನೇದು ಹೋಗ್ಲೇ ಇಲ್ಲ ಅಂದ್ರೆ?"

"ಹೋಗದಿದ್ರೆ ಆ ಕಡೆಯವರು ಬಾಗಿಲು ಅರ್ಧ ತೆಗೆದು ಕಾಯ್ತಾರೆ. ಅವರು ಒಪ್ಪಿ ಆಗಿದೆಯಲ್ಲ, ಪಾಪ, ಸ್ವಲ್ಪ ಹೊತ್ತು ಕಾಯ್ತಾರೆ. ಆಮೇಲೆ..."

"ಆಮೇಲೆ ಸರ್?"

"ಮುಚ್ಕೋತಾರೆ," ಎಂದರು ಮೇಷ್ಟ್ರು. ಹಾಗೆಂದವರು ಬಾಯಿ ತೆರೆದೇ ನಿಂತರು.

ಅಧ್ಯಾಯವೇ ತಪ್ಪಾಗಿತ್ತು! ಮೇಡಂ ಕೊಟ್ಟ ಹೂಂ ತಲುಪಿದ್ದಕ್ಕೆ ರಸೀದಿಯಲ್ಲ, ಎರಡನೆಯ ಹೆಜ್ಜೆ. ಮೂರನೆಯದು ತನ್ನ ಪಾಲಿನದು. ಇಷ್ಟು ದಿನ ಕಾಯುತ್ತಿದ್ದವನು ತಾನಲ್ಲ, ಕಾಯಿಸುತ್ತಿದ್ದವನು ತಾನು. ಸೀಮೆಸುಣ್ಣ ಹಿಡಿದುಕೊಂಡೇ ಅವರು ಮೆಟ್ಟಿಲಿಳಿದು ಓಡಿದರು.

ಕೆಳಗೆ ಕೆಲಸಗಾರರು ಬೋರ್ಡನ್ನು ಗೋಡೆಯಿಂದ ಬಿಡಿಸಿ ಹೊರಗೆ ಹೊತ್ತೊಯ್ಯುತ್ತಿದ್ದರು. ನೆಲದ ತುಂಬ ತಂತಿ. ಮೇಡಂ ತಮ್ಮ ಸ್ಟೂಲಿನ ಮೇಲೆ ಕೂತು ಬೋಳು ಗೋಡೆಯನ್ನು ನೋಡುತ್ತಿದ್ದರು. ಒಳಗೆ ನುಗ್ಗುವ ಭರದಲ್ಲಿ ಮೇಷ್ಟ್ರ ಹಣೆ ಬಾಗಿಲ ಚೌಕಟ್ಟಿಗೆ ಬಡಿಯಿತು. ಆ ನೋವಿಗೆ ಪದರಗಳೆಲ್ಲ ಮರೆತುಹೋದವು.

"ಹೋಗಬೇಡಿ," ಎಂದರು. "ನನ್ನನ್ನ ಮದುವೆ ಆಗಿ. ನೀವಿಲ್ಲದೆ ನನ್ನ ಕೈಲಾಗಲ್ಲ."

ಮೇಡಂ ಹಣೆಯ ಬುಗುಟನ್ನು ನೋಡಿದರು. "ತುಂಬಾ ತಡ ಮಾಡಿದ್ರಿ ಮೇಷ್ಟ್ರೇ. ಕಚೇರಿಗೆ ಬೆಳಿಗ್ಗೆನೇ ಹೇಳಿಬಿಟ್ಟೆ."

ಮೇಷ್ಟ್ರು ಗೋಡೆಗೆ ಒರಗಿಕೊಂಡರು. ಅವರ ಕಣ್ಣು ತುಂಬಿತು. ಅದನ್ನು ಕಂಡು ಮೇಡಮ್ಮಿಗೆ ಪಾಪ ಅನ್ನಿಸಿತು.

"ಇಲ್ಲೇ ಕೌಂಟರಲ್ಲಿ ಕೂರ್ತೀನಿ ಅಂತ," ಎಂದರು.

ಇದು ತಲೆಗೆ ಇಳಿಯಲು ಮೇಷ್ಟ್ರಿಗೆ ಸ್ವಲ್ಪ ಹೊತ್ತು ಹಿಡಿಯಿತು. "ಆ ಹೂಂ ಆದ್ಮೇಲೆ ನಾನು ಒಂದು ಮಾತೂ ಆಡಿರ್ಲಿಲ್ಲ. ಏನು ನಂಬ್ಕೊಂಡು ಹಾಗೆ ಹೇಳಿದ್ರಿ?"

"ನೀವು ದಿನಾ ಬಂದು ಈ ಬಾಗಿಲ ಹೊರಗೆ ನಿಂತು ನಿಂತು ವಾಪಸ್ ಹೋಗ್ತಿದ್ರಿ. ನನಗೆ ಕೇಳಿಸಲ್ಲ ಅಂದ್ಕೊಂಡ್ರಾ? ಸಿಟ್ಟು ಬಂದಿತ್ತು, ಬರದೆ ಇರುತ್ತಾ?" ಮೇಡಂ ಕಾಲಡಿಯ ತಂತಿಗಳನ್ನು ಪಕ್ಕಕ್ಕೆ ತಳ್ಳಿ ಅವರಿಗೆ ನಿಲ್ಲಲು ಜಾಗ ಮಾಡಿದರು. "ಆದ್ರೆ ಇಷ್ಟು ವರ್ಷ ಈ ಕೆಲಸ ಮಾಡಿದ್ದೀನಿ ಮೇಷ್ಟ್ರೇ. ಆ ಕಡೆಯವರು ಮಾತಾಡದಿದ್ರೂ ಉಸಿರು ಕೇಳ್ತಾ ಇದ್ರೆ, ಫೋನ್ ಇಡಬಾರದು."