ಒಂದು ಚಮಚ ಹೆಪ್ಪು
ಶೋವ್ಡೆ ಎಂಬ ಈ ಪರದೇಶದ ಊರಿನಲ್ಲಿ ನಮ್ಮ ಮೇಲಿನ ಮನೆಯ ಸೆವೆರಿನ್, ಎಂಜಿನ್ ಕಾರ್ಖಾನೆಗೆ ಹೋಗುವುದು ಹೊಟ್ಟೆಪಾಡಿಗಲ್ಲ. ಹೊಟ್ಟೆಗೆ ಬೇಕಾದ್ದನ್ನೆಲ್ಲ ಅವನು ಮನೆಯಲ್ಲೇ ಬೆಳೆಯುತ್ತಾನೆ. ಬಾಲ್ಕನಿಯ ಬಕೆಟ್ಟಿನಲ್ಲಿ ಆಲೂಗಡ್ಡೆ, ಸ್ನಾನದ ತೊಟ್ಟಿಯಲ್ಲಿ ದೀಪದ ಕೆಳಗೆ ಬಸಳೆ. ಅವನ ಸ್ನಾನ ಮೂಲೆಯಲ್ಲಿ ನಿಂತು ಚೊಂಬಿನಲ್ಲಿ. ಚಳಿ ಬಂದರೆ ಅವನ ಸ್ವೆಟರು ಕರಿಬೇವಿನ ಗಿಡಕ್ಕೆ. "ಅಂಗಡಿ ಯಾಕಮ್ಮಾ? ನಂಗೆ ಯಾರ ಹಂಗೂ ಬೇಡ" ಎನ್ನುತ್ತಾನೆ. ಆದರೆ ಹೆಂಡತಿ ಲಿಯೋನಾ ತೀರಿಕೊಂಡ ಮೇಲೆ ಪ್ರತಿ ಶನಿವಾರ ಬಟ್ಟಲು ಹಿಡಿದು ಬರುತ್ತಾನೆ. "ಮೊಸರು ಪೂರ್ತಿ ಖಾಲಿಯಮ್ಮಾ, ಒಂದು ಚಮಚ ಹೆಪ್ಪು ಕೊಡಿ." ಕಾಫಿ ಕುಡಿದು, ಲಿಯೋನಾಳ ಮಾತೆಲ್ಲ ಆಡಿ, ಸಂಜೆಗೆ ಏಳುತ್ತಾನೆ. ಕಳೆದ ಶುಕ್ರವಾರ ಅವನ ಮನೆಯಲ್ಲಿ, ಅವನು ನನಗೆಂದು ಕೊಯ್ದಿಟ್ಟಿದ್ದ ಬಸಳೆ ತೆಗೆದುಕೊಳ್ಳಲು ಫ್ರಿಜ್ ತೆರೆದೆ. ಪಾತ್ರೆ ತುಂಬ ಗಟ್ಟಿ ಮೊಸರಿತ್ತು. ಬಸಳೆ ತೆಗೆದುಕೊಂಡು ಫ್ರಿಜ್ಜಿನ ಬಾಗಿಲು ಮುಚ್ಚಿದೆ. ಮನೆಗೆ ಬಂದು, ಮರುದಿನಕ್ಕೆಂದು ಒಂದು ಚಮಚ ಹೆಪ್ಪು ತೆಗೆದಿಟ್ಟೆ.